ಮೊಡವೆಯೂ ಮೈಯ ಕಾವೂ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ತರುಣರ ಮುಖದ ಮೇಲೆ ಮೊಡವೆ ಎದ್ದಿತೆಂದರೆ ಹಿರಿಯರ ತೀರ್ಪು ಒಂದೇ: “ಮೈಯಾಗ ಕಾವು ಹೆಚ್ಚಾಗೇದ, ಸೇಂಗಾ, ಮಾವಿನಹಣ್ಣು ಬಿಡು.” ಬೇಸಿಗೆಯಲ್ಲಿ 40 ಡಿಗ್ರಿಯ ಬಿಸಿಲನ್ನು ಕಾಣುವ ನಾಡಿನಲ್ಲಿ ಈ ಮಾತು ಸಹಜವಾಗಿಯೇ ತೋರುವುದು. ಆದರೆ ಉಷ್ಣತೆಯೆಂಬುದನ್ನು ಅಳೆಯಲು ಬರುತ್ತದೆ. ಮೊಡವೆಯಿದ್ದವನ ನಾಲಗೆಯ ಕೆಳಗೂ ಇಲ್ಲದವನ ನಾಲಗೆಯ ಕೆಳಗೂ ಉಷ್ಣತಾಮಾಪಕವನ್ನಿಟ್ಟು ನೋಡಿರಿ. ಎರಡೆಡೆಯೂ ಅದು 37 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ನಿಲ್ಲುವುದು. ಹಾಗಾದರೆ ಈ ಬೊಕ್ಕೆಗಳ ಮೂಲವೆಲ್ಲಿ?

ಮುಖದ ರೋಮಕೂಪಗಳಿಗೆ ಹೊಂದಿಕೊಂಡು ಸಣ್ಣ ತೈಲಗ್ರಂಥಿಗಳುಂಟು. ಇವು ಒಸರಿಸುವ ಜಿಡ್ಡು ಮೇಲೇರಿ ಚರ್ಮವನ್ನು ನುಣುಪಾಗಿಡುವುದು. ಪ್ರಾಯ ಬಂದೊಡನೆ ಹುಡುಗರಲ್ಲಿಯೂ ಹುಡುಗಿಯರಲ್ಲಿಯೂ ಆಂಡ್ರೊಜನ್ ಎಂಬ ಹಾರ್ಮೋನುಗಳು ಹೆಚ್ಚಿ, ಗ್ರಂಥಿಗಳು ಹಿಗ್ಗಿ, ಜಿಡ್ಡು ಮಿತಿಮೀರುವುದು. ಅದೇ ಹೊತ್ತಿಗೆ ಕೂಪದ ಬಾಯಲ್ಲಿ ಉದುರಬೇಕಾದ ಸತ್ತ ಜೀವಕೋಶಗಳು ಒಂದಕ್ಕೊಂದು ಅಂಟಿ ಬಿರಡೆಯಂತೆ ಕುಳಿತುಬಿಡುತ್ತವೆ. ಎಲ್ಲರ ಚರ್ಮದಲ್ಲಿಯೂ ವಾಸಿಸುವ ಕ್ಯುಟಿಬ್ಯಾಕ್ಟೀರಿಯಮ್ ಆಕ್ನೆಸ್ ಎಂಬ ಸೂಕ್ಷ್ಮಾಣುವಿಗೆ ಗಾಳಿಯಾಡದ ಆ ಜಿಡ್ಡು ಒಳ್ಳೆಯ ಬೀಡು. ಶರೀರವು ಅದನ್ನು ಎದುರಿಸಹೊರಟಾಗ ಬಾವು, ಕೆಂಪು, ಕೀವು. ಬಾಯಿ ತೆರೆದ ಬಿರಡೆಯ ತುದಿ ಕಪ್ಪಗಿರುವುದಲ್ಲವೆ? ಆ ಕಪ್ಪು ಕೊಳೆಯಲ್ಲ. ಚರ್ಮದ ಸ್ವಂತ ವರ್ಣದ್ರವ್ಯವಾದ ಮೆಲನಿನ್. ದಿನಕ್ಕೆ ಐದು ಸಲ ಸಾಬೂನು ತಿಕ್ಕಿದರೆ ಚರ್ಮ ಕೆರಳೀತೇ ಹೊರತು ಬಿರಡೆ ಕಳಚದು.

ಸುಶ್ರುತಸಂಹಿತೆಯು ಕ್ಷುದ್ರರೋಗಗಳ ಸಾಲಿನಲ್ಲಿ ಮುಖದೂಷಿಕೆಯೆಂಬ ಹೆಸರಿನಿಂದ ಇದನ್ನು ಹೇಳಿ, ಬೂರುಗದ ಮುಳ್ಳಿಗೆ ಹೋಲಿಸಿ, ತರುಣರ ವ್ಯಾಧಿಯೆಂದು ಗುರುತಿಸಿದೆ. ವಯಸ್ಸಿನ ಕಡೆ ಬೆರಳು ತೋರಿದ ಆ ನೋಟವು ಸೇಂಗಾದ ಕಡೆ ತೋರುವ ನಮ್ಮ ನೋಟಕ್ಕಿಂತ ಸೂಕ್ಷ್ಮವೆನ್ನಬೇಕು. ಆಹಾರದ ಪಾತ್ರ ಇಲ್ಲವೇ ಇಲ್ಲವೆಂದಲ್ಲ. ರಕ್ತದ ಸಕ್ಕರೆಯನ್ನು ಬೇಗನೆ ಏರಿಸುವ ತಿನಿಸುಗಳು ಕೆಲವರಲ್ಲಿ ಮೊಡವೆಯನ್ನು ಹೆಚ್ಚಿಸುತ್ತವೆಂಬುದಕ್ಕೆ ಆಧಾರಗಳುಂಟು. ಸೇಂಗಾ ಹೋಳಿಗೆಯಲ್ಲಿ ತಪ್ಪಿತಸ್ಥ ಬೆಲ್ಲವೂ ಇದ್ದೀತು!

ಚಿಕಿತ್ಸೆಯಲ್ಲಿ ಮೊದಲ ಹೆಸರು ಬೆಂಜಾಯಿಲ್ ಪೆರಾಕ್ಸೈಡಿನದು. ಆಮ್ಲಜನಕವನ್ನು ಬಿಡುಗಡೆ ಮಾಡಿ ಸೂಕ್ಷ್ಮಾಣುವನ್ನು ಕೊಲ್ಲುವುದು ಇದರ ಬಗೆ. ಶೇಕಡಾ 2.5ರ ಲೇಪವು ಶೇಕಡಾ 10ರದರಷ್ಟೇ ಗುಣಕಾರಿ. ಉರಿ ಮಾತ್ರ ಕಡಿಮೆ. ಇದು ಬಟ್ಟೆಯ ಬಣ್ಣವನ್ನೂ ತೆಗೆಯುವುದರಿಂದ, ಹಚ್ಚಿಕೊಂಡ ಮುಖವನ್ನು ಇಳಕಲ್ ಸೀರೆಯ ಕೆಂಪು ಸೆರಗಿನಿಂದ ಒರೆಸಬಾರದು. ರಾತ್ರಿ ಹಚ್ಚುವ ಅಡಾಪಲೀನ್ ಬಿರಡೆಯನ್ನೇ ಸಡಿಲಿಸುತ್ತದೆ. ಗರ್ಭಿಣಿಯರು ಅದನ್ನು ಬಳಸಬಾರದು. ತೀವ್ರವಾದ ಗಂಟುಮೊಡವೆಗೆ ಐಸೊಟ್ರೆಟಿನಾಯಿನ್ ಗುಳಿಗೆಯುಂಟು. ಅದು ಗರ್ಭದ ಶಿಶುವಿಗೆ ಘೋರ ವಿಕಲತೆಯನ್ನುಂಟುಮಾಡಬಲ್ಲುದಾಗಿ, ವೈದ್ಯರ ಕಣ್ಗಾವಲಿಲ್ಲದೆ ಸಲ್ಲದು. ಯಾವ ಮದ್ದಿನ ಫಲ ಕಾಣಬೇಕಾದರೂ ಆರರಿಂದ ಎಂಟು ವಾರ ಬೇಕು. ಮೂರು ತಿಂಗಳೂ ಹಿಡಿದೀತು.

ತೊಡಕಿರುವುದು ಇಲ್ಲಿಯೇ. ಕನ್ಯಾ ನೋಡಲು ಬರುವವರು ಮೂರು ತಿಂಗಳು ಕಾಯುವರೆ? ಅವಸರಪಟ್ಟವರ ಕೈಗೆ ಔಷಧದ ಅಂಗಡಿಯಿಂದ ಬೀಟಾಮೆಥಾಸೋನ್ ಅಥವಾ ಕ್ಲೊಬೆಟಾಸಾಲ್ ಎಂಬ ಸ್ಟಿರಾಯ್ಡ್ ಬೆರೆತ ಮುಲಾಮು ಬರುತ್ತದೆ. ಕೆಲವೇ ದಿನಗಳಲ್ಲಿ ಕೆಂಪು ಇಳಿದು ಮುಖ ಬೆಳ್ಳಗಾಗುವುದು. ನೆರೆಹೊರೆಯವರೂ ಅದನ್ನೇ ತರಿಸುವರು. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ತೋರುತ್ತವೆ, ಕೆನ್ನೆಯ ಮೇಲೆ ಕೂದಲು ಮೂಡುತ್ತದೆ, ಸ್ಟಿರಾಯ್ಡಿನಿಂದಲೇ ಹೊಸ ಮೊಡವೆಗಳು ಏಳುತ್ತವೆ. ನಿಲ್ಲಿಸಿದರೋ, ಮುಖ ಬೆಂಕಿಯಂತೆ ಉರಿಯುವುದರಿಂದ ಮತ್ತೆ ಅದನ್ನೇ ಹಚ್ಚಬೇಕೆನಿಸುವುದು. 2018ರಲ್ಲಿ ಕೇಂದ್ರ ಸರಕಾರವು ಇಂಥ ಹಲವು ಸ್ಟಿರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಕೊಳ್ಳುವವರು ಕೇಳದಿದ್ದರೆ ಆ ಪಟ್ಟಿಯಿಂದೇನು ಪ್ರಯೋಜನ?

ಈಗಾಗಲೇ ಇಂಥ ಮುಲಾಮಿಗೆ ಒಗ್ಗಿಹೋದವರು ಚರ್ಮವೈದ್ಯರನ್ನು ಕಾಣುವುದೇ ಲೇಸು. ನಮ್ಮ ಭಾಗದವರಿಗೆ ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ ಸಮೀಪವೇ ಇದೆ. ಹೋಗುವಾಗ ಬಳಸುತ್ತಿದ್ದ ಟ್ಯೂಬನ್ನು, ಅದು ಬರಿದಾಗಿದ್ದರೂ, ಜೊತೆಗೆ ಒಯ್ಯಬೇಕು. ಅದರಲ್ಲಿ ಏನಿತ್ತೆಂಬುದು ಅದರ ಮೇಲಿನ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ.