ಹಳೇ ಪ್ಯಾಟ್ರೋಲ್‌ಗೆ ಬೇರೆ ಎಂಜಿನ್ ಬೇಕೆ?

ಯುಎಇಯ ಲಿವಾದ ತಲ್ ಮೊರೀಬ್ ಮರಳುಗುಡ್ಡದ ಎತ್ತರ ಸುಮಾರು 300 ಮೀಟರ್, ಏರು 50 ಡಿಗ್ರಿ. ಅರ್ಧಕ್ಕೇ ಏದುಸಿರು ಬಿಟ್ಟ ನಿಸ್ಸಾನ್ ಪ್ಯಾಟ್ರೋಲ್ ವೈ61ರ ಮಾಲೀಕನ ಕಣ್ಣು ಷೆವರ್ಲೆಯ ಎಲ್‌ಎಸ್ ವಿ8 ಎಂಜಿನ್ ಮೇಲೆ ಬೀಳುತ್ತದೆ.

ಆಸೆ ತಪ್ಪಲ್ಲ. 5.7 ಲೀಟರಿನ ಎಲ್‌ಎಸ್1ರ ಬ್ಲಾಕ್ ಅಲ್ಯೂಮಿನಿಯಂ, ಪ್ಯಾಟ್ರೋಲ್‌ನ 4.8 ಲೀಟರಿನ ಟಿಬಿ48ರದು ಎರಕದ ಕಬ್ಬಿಣ. ಮೂತಿ ಹಗುರಾದರೆ ಮರಳಲ್ಲಿ ಹೂತುಕೊಳ್ಳುವುದೂ ಕಡಿಮೆ.

ಆದರೆ ಖರ್ಚು ಎಂಜಿನ್ನಿಗೇ ಮುಗಿಯದು. ಮೌಂಟು, ಗೇರ್‌ಬಾಕ್ಸ್ ಅಡಾಪ್ಟರ್, ವೈರಿಂಗ್, ಆಗಸ್ಟಿನ ಬಿಸಿಲು ತಾಳುವ ರೇಡಿಯೇಟರ್... ಬಿಲ್ಲು ಬೆಳೆಯುತ್ತಲೇ ಹೋಗುತ್ತದೆ.

ಕಾನೂನಿನ ಮಾತೂ ಇದೆ: ಯುಎಇಯಲ್ಲಿ ಅನುಮತಿಯಿಲ್ಲದೆ ಎಂಜಿನ್ ಬದಲಿಸಿದರೆ 1,000 ದಿರ್ಹಮ್ ದಂಡ, ಲೈಸೆನ್ಸಿಗೆ 12 ಕಪ್ಪು ಅಂಕ, 30 ದಿನ ಗಾಡಿ ಜಪ್ತಿ. ಅಬುಧಾಬಿಯಲ್ಲಾದರೆ ಬಿಡಿಸಿಕೊಳ್ಳಲು ಇನ್ನೂ 10,000!

ಟಿಬಿ48ರ ಕಂಪ್ರೆಷನ್ ಚೆನ್ನಾಗಿದ್ದರೆ ಅದನ್ನೇ ರಿಪೇರಿ ಮಾಡಿಸುವುದು ಜಾಣತನ. ಅದೇ ಎಂಜಿನ್ನಿಗೆ ಟರ್ಬೊ ಕೂರಿಸಿ 1,000 ಹಾರ್ಸ್‌ಪವರ್ ದಾಟಿಸುವವರು ಎಮಿರೇಟ್ಸ್‌ನಲ್ಲೇ ಇದ್ದಾರೆ. ಅದಕ್ಕೂ ಅನುಮತಿ ಬೇಕು, ಅಷ್ಟೇ.