ಬಿಸಿಲಿಗೆ ಓಡುವ ಪುಟ್ಟ ರೋಬಾಟು: ಸಿಗದ ಬಿಡಿಭಾಗಕ್ಕೆ ಬದಲಿ ಯಾವುದು?

ಹೈಸ್ಕೂಲಿಗೆ ಹೋಗುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ವಿಜ್ಞಾನ ವಸ್ತುಪ್ರದರ್ಶನದ ದಿನಗಳಲ್ಲಿ ಈ ತೊಂದರೆ ನಿಮಗೂ ತಟ್ಟಿರಬಹುದು. ಬಿಸಿಲು ಬಿದ್ದಾಗ ತಾನಾಗಿಯೇ ಚಿಮ್ಮಿ ಚಲಿಸುವ ಅಂಗೈಯಗಲದ ರೋಬಾಟು ಮಾಡಲು ಮಗು ಹೊರಡುತ್ತದೆ. ನಕ್ಷೆಯಲ್ಲಿರುವ ಯಾವುದೋ ಒಂದು ಬಿಡಿಭಾಗ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಸಿಗುವುದಿಲ್ಲ. ಕೆಲಸ ಅಲ್ಲಿಗೇ ನಿಲ್ಲುತ್ತದೆ. ಶಿಫಾರಸು ಮಾಡಿದ ತಳಿಯ ಬೀಜ ಸಿಗದಿದ್ದರೆ ನೀವು ಬಿತ್ತನೆ ನಿಲ್ಲಿಸುವುದಿಲ್ಲ. ಅದೇ ಅವಧಿಯ ಬೇರೊಂದು ತಳಿ ಹುಡುಕುತ್ತೀರಿ. ಇಲ್ಲಿಯೂ ನೋಡಬೇಕಾದದ್ದು ಹೆಸರನ್ನಲ್ಲ, ಆ ಭಾಗ ಮಾಡುವ ಕೆಲಸವನ್ನು.

ಇಂಥ ಮಂಡಲಗಳನ್ನು 1990ರ ಸುಮಾರಿಗೆ ಬಳಕೆಗೆ ತಂದವರು ಕೆನಡಾದ ವಾಟರ್ಲೂ ವಿಶ್ವವಿದ್ಯಾನಿಲಯದಲ್ಲಿದ್ದ ಮಾರ್ಕ್ ಟಿಲ್ಡೆನ್. ಇದರಲ್ಲಿ ಬ್ಯಾಟರಿಯೂ ಇಲ್ಲ, ಕಂಪ್ಯೂಟರೂ ಇಲ್ಲ. ಒರತೆ ಕಡಿಮೆಯಿರುವ ಬಾವಿಯನ್ನು ನೆನೆಯಿರಿ. ನೀರನ್ನು ಬಂದ ಹಾಗೆಯೇ ಕಾಲುವೆಗೆ ಬಿಟ್ಟರೆ ಮೊದಲ ಮಡಿಯಲ್ಲೇ ಇಂಗಿಹೋಗುತ್ತದೆ. ತೊಟ್ಟಿ ತುಂಬಿಸಿಕೊಂಡು ಒಮ್ಮೆಗೇ ತೂಬು ತೆಗೆದರೆ ಕಡೆಯ ಮಡಿಗೂ ಮುಟ್ಟುತ್ತದೆ. ಇಲ್ಲಿ ಸೌರಫಲಕವೇ ಬಾವಿ, ಕೆಪಾಸಿಟರ್ ತೊಟ್ಟಿ, ಎರಡು ಟ್ರಾನ್ಸಿಸ್ಟರುಗಳ ಜೋಡಿ ತೂಬು, ಮೋಟಾರು ಹೊಲ. ತೊಟ್ಟಿ ತುಂಬಿತೆಂದು ಕೂಗಿ ಹೇಳುವ ಆಳೊಬ್ಬ ಬೇಕಲ್ಲವೆ? ಸಾಮಾನ್ಯವಾಗಿ ಸಿಗದೆ ಕಾಡಿಸುವವನು ಇವನೇ.

ಹಳೆಯ ನಕ್ಷೆಗಳಲ್ಲಿ ಈ ಕೆಲಸಕ್ಕೆ ಪ್ಯಾನಾಸಾನಿಕ್ ಕಂಪನಿಯ 1381 ಎಂಬ ಮೂರು ಕಾಲಿನ ವೋಲ್ಟೇಜ್ ಸೂಚಕವಿರುತ್ತದೆ. ಅದರ ತಯಾರಿಕೆ ನಿಂತಿದೆ. ಬದಲಿಗೆ ಮೈಕ್ರೋಚಿಪ್ ಕಂಪನಿಯ ಟಿಸಿ54ವಿಸಿ ಆಗುತ್ತದೆ. ಅದೇ ಕುಟುಂಬದ ಟಿಸಿ54ವಿಎನ್ ಹಾಗೆಯೇ ಹಾಕಿದರೆ ನಡೆಯದು. ಅದು ವೋಲ್ಟೇಜನ್ನು ಕೆಳಕ್ಕೆ ಎಳೆಯಬಲ್ಲುದೇ ಹೊರತು ಮೇಲಕ್ಕೆ ಎತ್ತಲಾರದು. ಕಾಲುಗಳ ಕ್ರಮವನ್ನು ತಯಾರಕರ ವಿವರಪತ್ರದಲ್ಲಿ ನೋಡಿಯೇ ಬೆಸುಗೆ ಹಾಕಬೇಕು.

ನನ್ನನ್ನು ಕೇಳಿದರೆ, ಹಳ್ಳಿಯಲ್ಲಿರುವವರು 1381ರ ಬೆನ್ನು ಹತ್ತುವುದೇ ಬೇಡ. ತಾನಾಗಿ ಮಿಣುಕುವ ಕೆಂಪು ಎಲ್.ಇ.ಡಿ. ಇರುವ ನಕ್ಷೆಯನ್ನು ಆರಿಸಿಕೊಳ್ಳಿ. ಈ ದೀಪವನ್ನು ಬೆಳಕಿಗೆ ಹಿಡಿದರೆ ಒಳಗೆ ಸಾಸಿವೆಗಿಂತ ಸಣ್ಣ ಚುಕ್ಕೆ ಕಾಣುತ್ತದೆ. ಅಂಗಡಿಯಲ್ಲಿ ಕೇಳುವಾಗ ಬಣ್ಣ ಬದಲಿಸುವುದಲ್ಲ, ಒಂದೇ ಬಣ್ಣದಲ್ಲಿ ಮಿಣುಕುವುದು ಎಂದು ಬಿಡಿಸಿ ಹೇಳಿ. ಅದೂ ಸಿಗದಿದ್ದರೆ 1ಎನ್4148 ಡಯೋಡು ಮೂರನ್ನು ಒಂದರ ಹಿಂದೊಂದು ಜೋಡಿಸುವವರುಂಟು. ಬಿರುಬಿಸಿಲಿನಲ್ಲಿ ಇದು ನಡೆಯುತ್ತದೆ. ಮೋಡ ಕವಿದರೆ ಕೆಡುತ್ತದೆ. ಡಯೋಡುಗಳು ಒಮ್ಮೆಲೇ ತೆರೆಯದೆ ನಿಧಾನವಾಗಿ ತೆರೆಯುವುದರಿಂದ ವಿದ್ಯುತ್ತು ಬಂದಷ್ಟೂ ಸೋರಿಹೋಗಿ ಮೋಟಾರು ಅಲುಗುವುದೇ ಇಲ್ಲ. ಹಲಗೆ ಸಡಿಲವಾದ ತೂಬಿನ ಹಾಗೆ. 3.3 ವೋಲ್ಟಿಗಿಂತ ಕಡಿಮೆಯ ಜೀನರ್ ಡಯೋಡುಗಳ ಗುಣವೂ ಇದೇ.

ಟ್ರಾನ್ಸಿಸ್ಟರುಗಳ ವಿಷಯ ಸುಲಭ. ನಕ್ಷೆಯ 2ಎನ್3904ಕ್ಕೆ ನಮ್ಮಲ್ಲಿ ಎಲ್ಲೆಡೆ ಸಿಗುವ ಬಿಸಿ547, 2ಎನ್3906ಕ್ಕೆ ಬಿಸಿ557 ಹಾಕಬಹುದು. ಆದರೆ ಚಪ್ಪಟೆ ಮುಖ ನಿಮ್ಮ ಕಡೆಗೆ, ಕಾಲು ಕೆಳಕ್ಕೆ ಹಿಡಿದಾಗ ಮೊದಲಿನವುಗಳಲ್ಲಿ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬದಲಿಯವುಗಳಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ಆದ್ದರಿಂದ ಹಿಂದುಮುಂದಾಗಿ ತಿರುಗಿಸಿ ಹಾಕಿ. ಬಿಸಿ547 ತಾಳುವುದು 100 ಮಿಲಿಆಂಪಿಯರ್ ಮಾತ್ರ. ಮೋಟಾರು ದೊಡ್ಡದಾದರೆ ಅದರ ಜಾಗಕ್ಕೆ ಬಿಸಿ337 ಒಳ್ಳೆಯದು.

4700 ಮೈಕ್ರೋಫ್ಯಾರಡಿನ ಕೆಪಾಸಿಟರ್ ಇಲ್ಲವೆ? 2200ರ ಎರಡನ್ನು ಅಕ್ಕಪಕ್ಕ ಜೋಡಿಸಿ. ಹಳೆಯದನ್ನು ಕಿತ್ತು ಹಾಕುವುದಾದರೆ ಸೋರಿಕೆ ಇದೆಯೇ ನೋಡಿ: ಮಲ್ಟಿಮೀಟರಿನಿಂದ ವೋಲ್ಟೇಜ್ ಅಳೆದು, ಮೀಟರನ್ನು ತೆಗೆದು, ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ತೀರ ಇಳಿದಿದ್ದರೆ ಎಸೆಯಿರಿ. ಫಲಕ ಎಷ್ಟು ಕೊಡುತ್ತದೆಂಬುದೂ ಮುಖ್ಯ. 5 ಮಿಲಿಆಂಪಿಯರ್ ಬಂದರೆ ಈ ತೊಟ್ಟಿ 1 ವೋಲ್ಟಿನಿಂದ 2.7ಕ್ಕೆ ಏರಲು 2 ಸೆಕೆಂಡೂ ಬೇಡ. ಕ್ಯಾಲ್ಕುಲೇಟರಿನಿಂದ ಕಿತ್ತ ತುಂಡು 50 ಮೈಕ್ರೋಆಂಪಿಯರ್ ಮಾತ್ರ ಕೊಟ್ಟರೆ ಎರಡೂವರೆ ನಿಮಿಷಕ್ಕಿಂತ ಹೆಚ್ಚು. ಕೆಟ್ಟುಹೋದ ಸೋಲಾರ್ ತೋಟದೀಪದ ಫಲಕವೇ ವಾಸಿ. ಒಂದೇ ಶೆಲ್ಲಿನ ದೀಪದಲ್ಲಿರುವುದು ಸಾಮಾನ್ಯವಾಗಿ 2 ವೋಲ್ಟಿನದು; ಎರಡನ್ನು ಸರಣಿಯಲ್ಲಿ ಜೋಡಿಸಬೇಕು. ಆ ದೀಪದೊಳಗಿನ ಚಿಪ್ಪು ಈ ಕೆಲಸಕ್ಕೆ ಬಾರದು.

ಮೋಟಾರಿಗೆ ಕೆಟ್ಟ ಮೊಬೈಲಿನ ಕಂಪನ ಮೋಟಾರು ಅಥವಾ ಸಿ.ಡಿ. ಡ್ರೈವಿನ ತಟ್ಟೆಯನ್ನು ಒಳಹೊರಗೆ ತಳ್ಳುವ ಮೋಟಾರು ಸಾಕು. ಟೇಪ್‌ರೆಕಾರ್ಡರಿನದರಲ್ಲಿ ಅನೇಕಕ್ಕೆ ವೇಗ ನಿಯಂತ್ರಿಸುವ ಮಂಡಲ ಒಳಗೇ ಇರುವುದರಿಂದ ಅವು ಇಷ್ಟು ಕಡಿಮೆ ವೋಲ್ಟಿಗೆ ತಿರುಗಲಾರವು.

ಬಿಡಿಭಾಗ ಕೀಳಲು ಮಕ್ಕಳು ಟಿ.ವಿ., ಮೊಬೈಲ್ ಚಾರ್ಜರ್, ಸಿ.ಎಫ್.ಎಲ್. ದೀಪಗಳನ್ನು ತಾವಾಗಿ ಬಿಚ್ಚಕೂಡದು. ಪ್ಲಗ್ ತೆಗೆದ ಮೇಲೂ ಅವುಗಳ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿನವರೆಗೆ ಉಳಿದಿರಬಹುದು. ನಿಮ್ಮ ಹೊಲದ ಸೋಲಾರ್ ಬೇಲಿಯ ಪೆಟ್ಟಿಗೆಯೂ ಇದೇ ತತ್ವದ್ದು: ತುಂಬಿಕೊಂಡು, ಸುಮಾರು ಸೆಕೆಂಡಿಗೊಮ್ಮೆ ಹೊಡೆತ ಬಿಡುತ್ತದೆ. ಆದರೆ ಅಲ್ಲಿ ಬದಲಿ ಭಾಗ ಹಾಕುವ ಮಾತೇ ಬೇಡ. ಅಳತೆ ತಪ್ಪಿದ ಕೆಪಾಸಿಟರ್ ಹೊಡೆತದ ಬಲವನ್ನೇ ಬದಲಿಸಿ ಜನ, ಜಾನುವಾರುಗಳ ಜೀವಕ್ಕೆ ಎರವಾದೀತು. ಆ ಪೆಟ್ಟಿಗೆ ಕೆಟ್ಟರೆ ತಯಾರಕರ ದುರಸ್ತಿಯವರಿಗೇ ಒಪ್ಪಿಸಿ.