ದೃಶ್ಯ ತುಣುಕು ಮಾರುವವರಿಗೆ ಕೋಡೆಕ್ ಪರವಾನಗಿಯ ಭಯ ಬೇಕೆ?

2018ರಿಂದ ಕೇರಳದ ಪ್ರೌಢಶಾಲೆಗಳಲ್ಲಿ ನಡೆಯುತ್ತಿರುವ ಲಿಟಲ್ ಕೈಟ್ಸ್ ಘಟಕಗಳ ಮೂಲಕ ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಕ್ಯಾಮೆರಾ ಹಿಡಿಯಲು ಕಲಿತಿದ್ದಾರೆ. ಮುಂದೆ ಸ್ವಂತ ಕ್ಯಾಮೆರಾದಲ್ಲಿ ಕುಂಬ್ಡಾಜೆಯ ಅಡಿಕೆ ತೋಟವನ್ನೋ ಮಳೆಗಾಲದ ತೋಡನ್ನೋ ಚಿತ್ರೀಕರಿಸಿ, ಸ್ಟಾಕ್ ಫೂಟೇಜ್ ಎಂಬ ಬಿಡಿ ತುಣುಕುಗಳಾಗಿ ಅಂತರ್ಜಾಲದ ಸಂಸ್ಥೆಗಳ ಮೂಲಕ ಮಾರುವುದು ಅವರಿಗೆ ಸಾಧ್ಯವಿರುವ ದುಡಿಮೆ. ಆದರೆ ಹಲವು ಕ್ಯಾಮೆರಾಗಳ ಕೈಪಿಡಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳ ಒಂದು ಸೂಚನೆ ಇರುತ್ತದೆ: ಇದರ ವೀಡಿಯೊ ತಂತ್ರಕ್ಕೆ ನೀಡಿದ ಪರವಾನಗಿ ವೈಯಕ್ತಿಕ, ವಾಣಿಜ್ಯೇತರ ಬಳಕೆಗೆ ಮಾತ್ರ ಎಂದು. ಹೆತ್ತವರು ಗಾಬರಿಯಾಗುವುದು ಸಹಜ. ಇಂತಹ ವಿಷಯವನ್ನು ಕನ್ನಡದಲ್ಲಿ ತಿಳಿಸುವವರು ಕಡಿಮೆ; ಆದುದರಿಂದ ಇಲ್ಲಿ ವಿವರಿಸುತ್ತಿದ್ದೇವೆ.

ಸಂಕುಚಿಸದ ಪೂರ್ಣ ಎಚ್‌ಡಿ ದೃಶ್ಯಕ್ಕೆ ಸೆಕೆಂಡಿಗೆ 25 ಚೌಕಟ್ಟುಗಳಂತೆ ಸುಮಾರು 155 ಮೆಗಾಬೈಟ್ ಜಾಗ ಬೇಕು. ಅದನ್ನು ಕುಗ್ಗಿಸುವ, ಮರಳಿ ಬಿಡಿಸುವ ವಿಧಾನವೇ ಕೋಡೆಕ್. ಎಂಪಿ4 ಎಂಬುದು ಕೋಡೆಕ್ ಅಲ್ಲ, ಅದು ಗೋಣಿಚೀಲ. ಒಳಗಿನ ಅಡಿಕೆ ಚಾಲಿಯೋ ಕೆಂಪೋ ಎಂಬುದು ಬೇರೆ ಮಾತು.

ಆ ಚೀಲದೊಳಗೆ ಬಹುಪಾಲು ಇರುವುದು 2003ರಲ್ಲಿ ಪ್ರಮಾಣೀಕೃತವಾದ ಎಚ್.264. ಇದರ ಪೇಟೆಂಟುಗಳು ಅನೇಕ ಕಂಪೆನಿಗಳವು. ಅವುಗಳ ಒಟ್ಟು ಪರವಾನಗಿಯನ್ನು ಎಂಪೆಗ್ ಎಲ್ಎ ಎಂಬ ಸಂಸ್ಥೆ ನೀಡುತ್ತಿತ್ತು; 2023ರಿಂದ ವಯಾ ಎಲ್ಎ ನೋಡಿಕೊಳ್ಳುತ್ತಿದೆ. ಪ್ರಕಟಿತ ನಿಯಮದಂತೆ, ಬಿಡಿಬಿಡಿಯಾಗಿ ಮಾರುವ ವೀಡಿಯೊ 12 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ರಾಯಧನವಿಲ್ಲ. ಮೀರಿದರೆ ಬೆಲೆಯ ಶೇ. 2 ಅಥವಾ 2 ಅಮೆರಿಕನ್ ಸೆಂಟ್, ಯಾವುದು ಕಡಿಮೆಯೋ ಅದು. ಸ್ಟಾಕ್ ತುಣುಕುಗಳ ಉದ್ದ ಸಾಮಾನ್ಯವಾಗಿ 5ರಿಂದ 60 ಸೆಕೆಂಡು. ಆದುದರಿಂದ ಕೈಪಿಡಿಯ ಆ ಸಾಲಿಗೆ ಹೆದರಿ ದುಡಿಮೆಯನ್ನು ಕೈಬಿಡಬೇಕಾದ ಕಾರಣ ನಮಗೆ ಕಾಣುವುದಿಲ್ಲ.

ಆಯ್ಕೆಯ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಆ್ಯಪಲ್ 2007ರಲ್ಲಿ ತಂದ ಪ್ರೋರೆಸ್ ದೊಡ್ಡ ಕಡತ ಮಾಡುತ್ತದೆ, ಆದ್ದರಿಂದ ಮೊಬೈಲಿನ ದೃಶ್ಯವನ್ನು ಅದಕ್ಕೆ ಬದಲಿಸಿದರೆ ಗುಣಮಟ್ಟ ಏರುತ್ತದೆ ಎಂದು. ಚಿತ್ರೀಕರಿಸುವಾಗಲೇ ಕಳೆದುಹೋದ ವಿವರ ಮರಳಿ ಬಾರದು. ಬಣ್ಣ ತಿದ್ದಿದ ಬಳಿಕ ಎರಡನೆಯ ನಷ್ಟವಾಗದಂತೆ ಉಳಿಸಲು ಪ್ರೋರೆಸ್ ಒಳ್ಳೆಯದು. ಆದರೆ ಪ್ರೋರೆಸ್ 422 ಎಚ್‌ಕ್ಯೂನಲ್ಲಿ ಒಂದು ನಿಮಿಷದ ಪೂರ್ಣ ಎಚ್‌ಡಿ ದೃಶ್ಯ ಒಂದೂವರೆ ಗಿಗಾಬೈಟನ್ನೂ ದಾಟಬಹುದು. ನಮ್ಮ ಹಳ್ಳಿಯ ಇಂಟರ್ನೆಟ್ಟಿನಲ್ಲಿ ಅದನ್ನು ಕಳುಹಿಸುವ ಪಾಡು ಹೇಳತೀರದು. ಹೆಚ್ಚಿನ ಬಿಟ್‌ರೇಟಿನ ಎಚ್.264 ಕಡತವನ್ನೂ ಪ್ರಮುಖ ಸಂಸ್ಥೆಗಳು ಸ್ವೀಕರಿಸುತ್ತವೆ. ಕ್ಯಾಮೆರಾದ ಮೂಲ ಕಡತವನ್ನು ಮಾತ್ರ ಅಳಿಸಬಾರದು. ಮುಂದೆ ಬೇರೆ ರೂಪ ಕೇಳಿದಾಗ ಅದರಿಂದಲೇ ಹೊಸದಾಗಿ ಮಾಡಬೇಕು.

ಹೊಸ ಮೊಬೈಲುಗಳಲ್ಲಿ 2013ರ ಎಚ್‌ಇವಿಸಿ ಇರುತ್ತದೆ. ಅದರ ಪೇಟೆಂಟುಗಳು ಒಂದಕ್ಕಿಂತ ಹೆಚ್ಚು ಗುಂಪುಗಳಲ್ಲಿ ಹಂಚಿಹೋಗಿವೆ. ಮಾರುವ ಉದ್ದೇಶವಿದ್ದರೆ ಸೆಟ್ಟಿಂಗಿನಲ್ಲಿ ಎಚ್.264 ಆರಿಸುವುದು ಸರಳ. 2018ರಲ್ಲಿ ಬಂದ ಎವಿ1 ರಾಯಧನರಹಿತ. ಮಾರದೆ ಸಮುದಾಯಕ್ಕೆ ಕೊಡುವವರಿಗೆ ಅದು ಒದಗುತ್ತದೆ: ವಿಕಿಮೀಡಿಯ ಕಾಮನ್ಸ್ ಎಂಪಿ4 ಸ್ವೀಕರಿಸುವುದಿಲ್ಲ, ವೆಬ್‌ಎಂ ಸ್ವೀಕರಿಸುತ್ತದೆ.

ನಿಜವಾಗಿ ಎಚ್ಚರ ಬೇಕಾದುದು ಕೋಡೆಕ್ಕಿನಲ್ಲಿ ಅಲ್ಲ, ಚೌಕಟ್ಟಿನೊಳಗಿನ ಮನುಷ್ಯರ ವಿಷಯದಲ್ಲಿ. ಯಕ್ಷಗಾನ ಕಲಾವಿದನಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ವಿಧಿಯಂತೆ ತನ್ನ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕಿದೆ. ವೇಷಧಾರಿ, ಭಾಗವತ, ಮದ್ದಳೆಗಾರ ಎಲ್ಲರ ಲಿಖಿತ ಒಪ್ಪಿಗೆ ಬೇಕು. ಜಾಹೀರಾತಿಗೆ ಬಳಕೆಯಾಗುವ ತುಣುಕಿನಲ್ಲಿ ಮುಖ ಗುರುತಿಸುವಂತಿದ್ದರೆ, ಅಡಿಕೆ ಸುಲಿಯುವ ನೆರೆಮನೆಯ ಅಕ್ಕನ ಸಹಿಯನ್ನೂ ಸಂಸ್ಥೆ ಕೇಳುತ್ತದೆ. ಆ ನಮೂನೆ ಬಹುತೇಕ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿ ಓದಿ ಹೇಳದೆ ಸಹಿ ಹಾಕಿಸಬಾರದು. ಕುಂಬ್ಡಾಜೆ ಎಂಡೋಸಲ್ಫಾನ್ ಪೀಡಿತ ಪಂಚಾಯತ್‌ಗಳಲ್ಲಿ ಒಂದು. ಸಂತ್ರಸ್ತರ ಮನೆಯೊಳಗಿನ ದೃಶ್ಯಗಳನ್ನು, ಸಹಿ ದೊರೆತರೂ, ಸ್ಟಾಕ್ ಮಾರಾಟಕ್ಕೆ ಇಡಬಾರದೆಂಬುದು ನಮ್ಮ ನಿಲುವು. ಒಮ್ಮೆ ಪರವಾನಗಿ ಪಡೆದವರು ಅದನ್ನು ಯಾವ ಕಥೆಗೆ ಜೋಡಿಸುತ್ತಾರೆಂಬುದು ಆ ಮನೆಯವರಿಗೆ ತಿಳಿಯುವುದೇ ಇಲ್ಲ.